ಸತ್ತವನು ಎದ್ದು ಬಂದ ಮ್ಯಾಟಿನಿ

ಟಾಕೀಸಿನಲ್ಲಿ ಕೆಲಸ ಮಾಡಿದವನು ನಗುವ ವಿಷಯ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ತಾನೇ ಟಿಕೆಟ್ ತೆಗೆದುಕೊಂಡು ಒಳಗೆ ಬರುತ್ತದೆ. ಗೋಕಾಕದ ಒಂದು ಟಾಕೀಸಿನಲ್ಲಿ ನಾನು ಬಹಳ ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದೆ. ಪರದೆ ನೋಡಿ ನಕ್ಕಿದ್ದಕ್ಕಿಂತ ಕ್ಯಾಬಿನ್ನಿನ ಕಿಂಡಿಯಿಂದ ಕೆಳಗೆ ಕೂತವರನ್ನು ನೋಡಿ ನಕ್ಕಿದ್ದೇ ಹೆಚ್ಚು.

ಇಲ್ಲಿ ಹೇಳುವುದು ಒಂದೇ ಪಿಕ್ಚರಿನ ಸುತ್ತ ನಡೆದದ್ದು. ಪರದೇಶದ ಪಿಕ್ಚರು, ಹಿಂದಿಗೆ ಡಬ್ ಆಗಿ ಬರುತ್ತಿತ್ತು. ಒಬ್ಬ ಕೊಲೆಗಾರ ವೆಲ್ಡಿಂಗ್ ಮಾಡುವವರ ಕಬ್ಬಿಣದ ಮುಖವಾಡ ಹಾಕಿಕೊಂಡು, ಕೈಯಲ್ಲಿ ಹಾರೆ ಹಿಡಿದು ಬರುತ್ತಾನೆ. ರಜೆ ಕಳೆಯಲು ಬಂದ ಕಾಲೇಜಿನ ಹುಡುಗ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾನೆ. ಕತೆ ಅಂದರೆ ಅಷ್ಟೇ. ತೊಂಬತ್ತರ ಆಚೀಚೆ ಇದರ ಮೂರು ಭಾಗ ಬಂದವು, ಮೂರಕ್ಕೂ ನಮ್ಮಲ್ಲಿ ಕಾಲಿಡಲು ಜಾಗ ಇರಲಿಲ್ಲ. ಜನ ಅವನನ್ನು 'ವೆಲ್ಡರ್' ಅಂತಲೇ ಕರೆಯುತ್ತಿದ್ದರು. ಮೂರನೆಯ ಭಾಗದ ಕೊನೆಗೆ ವೆಲ್ಡರ್ ಗೂಡ್ಸ್ ಗಾಡಿಯ ಕೆಳಗೆ ಸಿಕ್ಕ. ಅಲ್ಲಿಗೆ ಅವನ ಕತೆ ಮುಗಿಯಿತು ಅಂದುಕೊಂಡೆವು.

ಆಮೇಲೆ ಮನೆಮನೆಗೆ ಕೇಬಲ್ ಬಂತು, ಟಾಕೀಸು ಭಣಗುಡತೊಡಗಿತು. ಒಂದು ದಿನ ಮಾಲಕರು ಎಂಜಿನಿಯರ್ ಒಬ್ಬರನ್ನು ಕರೆತಂದು ಟಾಕೀಸಿನ ಹಾಲಿನ ಉದ್ದಗಲ ಅಳೆಸಿದರು. ಇದನ್ನು ಒಡೆದು ಮಂಗಲ ಕಾರ್ಯಾಲಯ ಮಾಡುವ ವಿಚಾರ. ನನ್ನ ಕ್ಯಾಬಿನ್ನು ಲಗ್ನದ ಅಡಿಗೆಯ ಭಾಂಡೆ ಸಾಮಾನು ಇಡುವ ಕೋಣೆ ಆಗುವುದಂತೆ.

"ಮತ್ತ ನಾನ್ರಿ, ಮಾಲಕ್ರ?" ಅಂತ ಕೇಳಿದೆ.

"ನಿನಗ ಏನ್ ಬರ್ತೈತಿ?"

"ಪಿಚ್ಚರ್ ಹಾಕಾಕ ಬರ್ತೈತ್ರಿ."

"ಲಗ್ನದಾಗ ಪಿಚ್ಚರ್ ಯಾರ್ ನೋಡ್ತಾರ್ಲೇ? ಒಂದ್ ಪಿಚ್ಚರ್ ಮೂರ್ ವಾರ ಓಡಿಸಿ ತೋರ್ಸು, ಟಾಕೀಸ್ ಇಡ್ತೇನಿ" ಅಂದರು. ಓಡಿಸುವವನು ನಾನಾದರೂ ಓಡುವುದು ಪಿಕ್ಚರಿನ ಹಣೆಬರಹ. ದಿನವೂ ದೇವರಿಗೆ ಕೈ ಮುಗಿಯುತ್ತಿದ್ದೆ. ದೇವರು ವೆಲ್ಡರನ್ನು ಕಳಿಸಿದ.

ಪಂಚನಾಮೆ

ಟಾಕೀಸಿನ ಎದುರಿನ ಚಹಾದ ಹೋಟೆಲ್ಲಿನಲ್ಲಿ ಶನಿವಾರ ಮಧ್ಯಾಹ್ನ ಆ ಪಿಕ್ಚರಿನ ಮೂವರು ಭಕ್ತರು ಕೂಡುತ್ತಿದ್ದರು. ಒಬ್ಬರು ಮೂಡಲಗಿಯ ಕಾಳಿನ ವ್ಯಾಪಾರಿ, ಅರವತ್ತರ ಹತ್ತಿರದ ಜೈನ ಸಾವಕಾರರು. ಇನ್ನೊಬ್ಬರು ಹುಕ್ಕೇರಿಯ ಗಣಿತದ ಮಾಸ್ತರರು, ಅರ್ಧ ದಿನದ ಸಾಲೆ ಮುಗಿಸಿ ಬಸ್ಸು ಹತ್ತಿ ಬರುತ್ತಿದ್ದರು. ಮೂರನೆಯವನು ನಮ್ಮ ಊರಿನ ವೆಲ್ಡಿಂಗ್ ಅಂಗಡಿಯ ಮಿಸ್ತ್ರಿ, ಎಡಚ. ನಾಲ್ಕನೆಯವನು ನಾನು, ಆದರೆ ನನಗೆ ಮಾತಾಡಲು ಸರದಿ ಸಿಗುತ್ತಿರಲಿಲ್ಲ.

ಒಂದು ಶನಿವಾರ ಸಾವಕಾರರು ಮರಾಠಿ ಪೇಪರು ಬಡಿಯುತ್ತಲೇ ಒಳಗೆ ಬಂದರು. "ವೆಲ್ಡರ್ ಮತ್ತ ಬರಾಕತ್ತಾನ. ನಾಕನೇ ಭಾಗ ತಯಾರ್ ಆಗೇತಿ."

ನನಗೆ ಚಹಾ ನೆತ್ತಿಗೇರಿತು. ಅಷ್ಟು ಖುಷಿ ನನ್ನ ಲಗ್ನದ ದಿನವೂ ಆಗಿರಲಿಲ್ಲ. ಆದರೆ ಐದು ನಿಮಿಷದಲ್ಲೇ ಜಗಳ ಶುರುವಾಯಿತು, ಸತ್ತವನು ಬರುವುದು ಹೇಗೆ ಅಂತ.

"ನಲವತ್ತ್ ಡಬ್ಬಿ ಗೂಡ್ಸ್ ಗಾಡಿ ಹೋಗೇತ್ರಿ ಅವನ ಮ್ಯಾಲ" ಅಂದರು ಮಾಸ್ತರರು. "ಡಬ್ಬಿಗೆ ಎಂಟ್ ಗಾಲಿ. ಮುನ್ನೂರಾ ಇಪ್ಪತ್ತ್ ಗಾಲಿ ಹೋದ ಮ್ಯಾಲ ಏನ್ ಉಳಿತೈತಿ? ಈಗ ಬರಾಂವ ಅವನ ಅವಳಿ ತಮ್ಮ."

"ಅಂವಾ ಬಿದ್ದಿದ್ದು ಒಂದ ಹಳಿ ಮ್ಯಾಲ್ರಿ, ಮಾಸ್ತರ. ನೂರಾ ಅರವತ್ತ್ ಹಿಡೀರಿ" ಅಂದ ಮಿಸ್ತ್ರಿ. "ಒಳಗ ಯಾರರ ಇರವಲ್ಲರ್ಯಾಕ, ಮುಖವಾಡ ಮಾತ್ರ ಅದ ಹಳೇದ ಇರಬೇಕು. ಪ್ಲಾಸ್ಟಿಕ್ಕಿಂದ್ ತಂದ್ರ ನಾ ಟಾಕೀಸಿಗೆ ಕಾಲ ಇಡೂದಿಲ್ಲ."

"ದೇಹ ಹೋಗೇತಿ, ಕರ್ಮ ಹೋಗಿಲ್ಲ" ಅಂದರು ಸಾವಕಾರರು. "ಅಷ್ಟ್ ಖೂನಿ ಮಾಡಿದವಗ ಇನ್ನೊಂದ್ ಜನ್ಮ ತಪ್ಪೂದಿಲ್ಲ. ಬ್ಯಾರೆ ಹೊಟ್ಟಿಯೊಳಗ ಹುಟ್ಟಿ ಬರ್ತಾನ."

ಮೂವರ ದನಿಯೂ ಏರಿತು. ಮೂಲೆಯಲ್ಲಿ ಸಾದಾ ಬಟ್ಟೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ ಒಬ್ಬರು ಕಪ್ಪು ಕೆಳಗಿಟ್ಟು ಎದ್ದು ಬಂದರು. ಊರಿನ ಪೊಲೀಸ್ ಠಾಣೆಗೆ ಹೊಸದಾಗಿ ವರ್ಗವಾಗಿ ಬಂದ ಫೌಜದಾರರು.

"ಗಾಡಿ ಅಡಿ ಹಾಕಿದ್ದು ಯಾರನ್ನ?" ಅಂತ ಕೇಳಿದರು.

ಮೂವರೂ ಎದ್ದು ನಿಂತರು. ಮಾಸ್ತರರು ಇದು ಸಿನಿಮಾದ ಮಾತು ಅಂತ ಮೊದಲಿನಿಂದ ಕತೆ ಹೇಳಿದರು. ಫೌಜದಾರರು ಕುರ್ಚಿ ಎಳೆದುಕೊಂಡು ಕೂತು ಪೂರ್ತಿ ಕೇಳಿದರು. ಮೀಸೆಯ ಮೇಲೆ ಕೈಯಾಡಿಸಿದರು.

"ಹೆಣ ಸಿಕ್ಕೇತೇನು?"

"ತೋರ್ಸಿಲ್ರಿ, ಸಾಹೇಬ್ರ."

"ಪಂಚನಾಮೆ ಆಗೇತೇನು?"

"ಇಲ್ರಿ."

"ಮತ್ತ ಸತ್ತಾನಂತ ಹೆಂಗ್ ಬರ್ಕೊಂಡ್ರಿ? ನಮ್ಮ ಲೆಕ್ಕದಾಗ ಅಂವಾ ಫರಾರಿ."

ಇರುವೆ

ಸಾವಕಾರರದು ಬಹಳ ಸೂಕ್ಷ್ಮದ ಜೀವ. ನೆಲದೊಳಗೆ ಬೆಳೆಯುವ ಗಜ್ಜರಿ, ಬಟಾಟೆ ಮುಟ್ಟುವವರಲ್ಲ. ಹೊತ್ತು ಮುಳುಗಿದ ಮೇಲೆ ಬಾಯಿಗೆ ಅಗುಳು ಹಾಕುವವರಲ್ಲ, ಅದಕ್ಕೇ ಯಾವಾಗಲೂ ಮೂರು ಗಂಟೆಯ ಮ್ಯಾಟಿನಿಗೆ ಬಂದು, ಪಿಕ್ಚರು ಬಿಟ್ಟ ಕೂಡಲೇ ಮೂಡಲಗಿಯ ಬಸ್ಸು ಹಿಡಿಯುತ್ತಿದ್ದರು. ಹೋಟೆಲ್ಲಿನ ಮೇಜಿನ ಮೇಲೆ ಬೆಲ್ಲದ ಚಹಾಕ್ಕೆ ಇರುವೆ ಹತ್ತಿದರೆ ಪೇಪರಿನ ತುದಿಯ ಮೇಲೆ ಹತ್ತಿಸಿಕೊಂಡು ಹೊರಗೆ ಒಯ್ದು ಬಿಟ್ಟುಬರುತ್ತಿದ್ದರು. ಹಾಗೆ ಬಿಡುತ್ತ ಬಿಡುತ್ತಲೇ, ಎರಡನೆಯ ಭಾಗದಲ್ಲಿ ವೆಲ್ಡರ್ ಒಬ್ಬನನ್ನು ಬಾಗಿಲಿನ ಸಮೇತ ಹೇಗೆ ಗೋಡೆಗೆ ಜಡಿದ ಅಂತ ವರ್ಣಿಸುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಕಾಕಾರ, ತಪ್ಪ ತಿಳ್ಕೊಬ್ಯಾಡ್ರಿ. ಇರಬಿ ಸತ್ರ ಮರಗ್ತೀರಿ. ಇಷ್ಟ ಖೂನಿ ಇರೂ ಪಿಚ್ಚರ್ ಹೆಂಗ್ ನೋಡ್ತೀರಿ?"

ಅವರು ನನ್ನನ್ನು ತಿಳಿಗೇಡಿಯನ್ನು ನೋಡುವ ಹಾಗೆ ನೋಡಿದರು.

"ಇದರಾಗ ಯಾರರ ಖರೇ ಸಾಯ್ತಾರೇನೋ, ತಮ್ಮಾ? ಬರೇ ಬಣ್ಣ. ಹ್ವಾದ ವಾರ ಒಂದ್ ಸಂಸಾರಿ ಪಿಚ್ಚರ್ ಹಾಕಿದ್ದಿ. ಅದರಾಗ ಹೀರೋ ಕುಂತು ಖರೇ ಕೋಳಿ ತಿಂದ. ನನಗ ನೋಡೂದ ಆಗಲಿಲ್ಲ, ಎದ್ದ್ ಬಂದ್ನಿ."

ಅಚ್ಚು

ಪಿಕ್ಚರು ಹುಬ್ಬಳ್ಳಿಯವರೆಗೆ ಬಂದಿದೆ ಅಂತ ತಿಳಿದ ಮೇಲೆ ಮಾಲಕರು ಪ್ರಚಾರಕ್ಕೆ ಟೆಂಪೋ ಗೊತ್ತು ಮಾಡಿದರು. ಅದರಲ್ಲಿ ವೆಲ್ಡರ್ ವೇಷದವನೊಬ್ಬ ನಿಂತಿರಬೇಕು. ಮಿಸ್ತ್ರಿ ಹಟಕ್ಕೆ ಬಿದ್ದ. "ಮುಖವಾಡ ನನ್ನದು, ಕಸಬ ನನ್ನದು, ಬ್ಯಾರೇದವ ಯಾಕ ನಿಂದರ್ಬೇಕು?" ಅಂದ. ಮೂರು ದಿನ ಅಂಗಡಿಗೆ ಬೀಗ ಹಾಕಿ ತನ್ನದೇ ಮುಖವಾಡ ಹಾಕಿಕೊಂಡು, ಹಾರೆ ಹಿಡಿದು ಟೆಂಪೋ ಹತ್ತಿದ.

ಗೋಕಾಕದಲ್ಲಿ ಜನ ಚಪ್ಪಾಳೆ ಹೊಡೆದರು. ಮೂಡಲಗಿಯಲ್ಲಿ ಸಾವಕಾರರು ಅಂಗಡಿಯ ಕಟ್ಟೆಯ ಮೇಲೆ ನಿಂತು ಕೈ ಬೀಸಿದರು. ಮೂರನೆಯ ದಿನ ಹುಕ್ಕೇರಿಯ ಸಂತೆ. ನಾನು ಮೈಕಿನಲ್ಲಿ, "ಯಾವ ಗಾಡಿಯೂ ಕೊಲ್ಲದವ, ಯಾರಿಗೂ ಹೆದರದವ ಬರಾಕತ್ತಾನ" ಅಂತ ಕೂಗುತ್ತಿದ್ದೆ. ಮಿಸ್ತ್ರಿ ಹಾರೆ ಎತ್ತಿ ಎತ್ತಿ ತೋರಿಸುತ್ತಿದ್ದ. ಹೆಂಗಸರು ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಮಾಸ್ತರರು ತಮ್ಮ ಸಾಲೆಯ ಗೇಟಿನ ಹತ್ತಿರ ನಿಂತು ಹೆಮ್ಮೆಯಿಂದ ನೋಡುತ್ತಿದ್ದರು.

ಅಷ್ಟರಲ್ಲಿ ಬೆಲ್ಲದ ಬಾಗೇವಾಡಿ ಅನ್ನುವ ಊರಿನ ಒಬ್ಬ ರೈತ ಜನರನ್ನು ಸರಿಸಿಕೊಂಡು ಟೆಂಪೋದ ಮುಂದೆ ಬಂದು ಅಡ್ಡ ನಿಂತ. ಎಡಗೈಯಲ್ಲಿ ಹಾರೆ ಹಿಡಿದವನನ್ನು ಕಾಲಿನಿಂದ ತಲೆಯವರೆಗೆ ನೋಡಿದ.

"ಏ ಮಿಸ್ತ್ರಿ, ಮಾರಿ ಮುಚ್ಚಿದ್ರ ಎಡಗೈ ಮುಚ್ಚತೈತೇನು? ನನ್ನ ಚಕ್ಕಡಿ ಅಚ್ಚ್ ಬೆಸಿಗಿ ಹಾಕಿ ಕೊಡ್ತೇನಂದು ಎರಡ್ ತಿಂಗಳಾತು. ಅಂಗಡಿಗೆ ಹ್ವಾದ್ರ ಬೀಗ. ಇಳಿ ಕೆಳಗ."

ವೆಲ್ಡರ್ ಹಾರೆಯನ್ನು ಟೆಂಪೋದಲ್ಲೇ ಬಿಟ್ಟು ಹಿಂದಿನಿಂದ ಜಿಗಿದು, ಮುಖವಾಡದ ಸಮೇತ ಬಸ್ ಸ್ಟ್ಯಾಂಡಿನ ಕಡೆ ಓಡಿದ. ರೈತ ಬೆನ್ನು ಹತ್ತಿದ. ನನ್ನ ಕೈಯಲ್ಲಿ ಮೈಕು ಇನ್ನೂ ಚಾಲೂ ಇತ್ತು. ಯಾರಿಗೂ ಹೆದರದವನು ಒಂದು ಎತ್ತಿನ ಚಕ್ಕಡಿಯ ಅಚ್ಚಿಗೆ ಹೆದರಿ ಓಡಿದ್ದನ್ನು ಇಡೀ ಸಂತೆ ನೋಡಿತು.

ಡಬ್ಬಿ

ಕಡೆಗೆ ಆ ಶುಕ್ರವಾರ ಬಂತು. ಮಧ್ಯಾಹ್ನ ಮೂರಕ್ಕೆ ಮ್ಯಾಟಿನಿ. ಎರಡೂವರೆಗೆ ಹಾಲು ತುಂಬಿ, ಗೋಡೆಗೆ ಒರಗಿ ನಿಂತವರೂ ಇದ್ದರು. ನಮ್ಮ ಮೂವರು ಭಕ್ತರು, ಸಾಲೆಗೆ ರಜೆ ಹಾಕಿದ ಮಾಸ್ತರರೂ ಸೇರಿ, ಬಾಲ್ಕನಿಯ ಮುಂದಿನ ಸಾಲಿನಲ್ಲಿ. ಎಲ್ಲ ಇತ್ತು, ಪಿಕ್ಚರು ಒಂದಿರಲಿಲ್ಲ. ರೀಲಿನ ಡಬ್ಬಿಗಳು ಹುಬ್ಬಳ್ಳಿಯ ಬಸ್ಸಿನ ಮೇಲೆ ಬರಬೇಕಿತ್ತು, ಬಸ್ಸು ದಾರಿಯಲ್ಲಿ ಕೆಟ್ಟಿತ್ತು.

ಮೂರೂಕಾಲಿಗೆ ಡಬ್ಬಿ ಬಂದವು. ಐದು ಡಬ್ಬಿ, ಮುಚ್ಚಳದ ಮೇಲೆ ಒಂದರಿಂದ ಐದರವರೆಗೆ ನಂಬರು. ಜನ ಸೀಟಿ ಹಾಕುತ್ತಿದ್ದರು, ಮಾಲಕರು ಕೆಳಗಿನಿಂದ ಕೂಗುತ್ತಿದ್ದರು. ನಾನು ಮುಚ್ಚಳದ ನಂಬರು ನೋಡಿ ಒಂದಾದ ಮೇಲೊಂದು ಹಾಕುತ್ತ ಹೋದೆ.

ಮೂರನೆಯ ಡಬ್ಬಿಯಲ್ಲಿ ವೆಲ್ಡರ್ ಸತ್ತ. ಮುಖವಾಡ ಒಡೆದು ಎರಡು ಹೋಳಾಯಿತು, ಪೊಲೀಸರು ಹೆಣ ಎತ್ತಿಕೊಂಡು ಹೋದರು, ಪರದೆಯ ಮೇಲೆ ಹೆಸರುಗಳ ಸಾಲು ಹರಿಯಿತು. ನಾನು ಇಂಟರ್ವಲ್ಲಿನ ದೀಪ ಹಾಕಿದೆ. ಹಾಲು ಚಪ್ಪಾಳೆ ಹೊಡೆಯಿತು. ಅರ್ಧಕ್ಕೇ ಸಾಯಿಸಿದ್ದಾನಲ್ಲ, ಈ ಡೈರೆಕ್ಟರು ಭಾರಿ ಬುದ್ಧಿವಂತ ಅಂತ ನಾನೂ ಅಂದುಕೊಂಡೆ.

ನಾಲ್ಕನೆಯದರಲ್ಲಿ ವೆಲ್ಡರ್ ಏನೂ ಆಗದವನ ಹಾಗೆ ನಡೆದು ಬಂದ. ಮುಖವಾಡ ಒಂದು ಗೀರೂ ಇಲ್ಲದೆ ಗಟ್ಟಿಯಾಗಿತ್ತು. ಜನ ಕುರ್ಚಿಯ ಮೇಲೆ ಹತ್ತಿ ನಿಂತು ಕುಣಿದರು. ಅದೇ ಡಬ್ಬಿಯಲ್ಲಿ ಹೀರೋಯಿನ್‌ಳ ಗೆಳತಿ ಸತ್ತಳು. ಐದನೆಯದು ಹಾಕಿದೆ, ಗೆಳತಿ ಕನ್ನಡಿಯ ಮುಂದೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಆಗ ನನಗೆ ಗೊತ್ತಾಯಿತು. ಯಾವ ಊರಿನ ಯಾವ ಆಪರೇಟರೋ ರೀಲು ಸುತ್ತಿ ತುಂಬುವಾಗ ಮೂರನೆಯದನ್ನು ಐದರ ಡಬ್ಬಿಗೆ, ಐದನೆಯದನ್ನು ಮೂರರ ಡಬ್ಬಿಗೆ ಹಾಕಿಬಿಟ್ಟಿದ್ದ. ನಾನು ಮುಚ್ಚಳ ನಂಬಿದ್ದೆ.

ವೆಲ್ಡರ್ ಆ ಹುಡುಗಿಯ ಬಾಗಿಲು ಬಡಿಯುವಲ್ಲಿಗೆ ರೀಲು ಮುಗಿದು ಪರದೆ ಬೆಳ್ಳಗಾಯಿತು. ನನ್ನ ಕೆಲಸವೂ ಮುಗಿಯಿತು, ಟಾಕೀಸೂ ಮುಗಿಯಿತು ಅಂತ ಕೂತೆ. ಕೆಳಗೆ ನೋಡಿದರೆ ಜನ ಎದ್ದು ನಿಂತು ಸೀಟಿ ಹೊಡೆಯುತ್ತಿದ್ದರು.

ಮರುದಿನ ಶನಿವಾರ ಹೋಟೆಲ್ಲಿಗೆ ಹೋದರೆ ಮೂವರೂ ಅಪ್ಪಿಕೊಳ್ಳುವುದೊಂದು ಬಾಕಿ. "ಸತ್ತಾಂವ ಒಬ್ಬ, ಬಂದಾಂವ ಒಬ್ಬ. ಅವಳಿ ಅಂತ ನಾ ಹೇಳಿದ್ದಿಲ್ಲ?" ಅಂದರು ಮಾಸ್ತರರು. "ಅವಳಿ ಇದ್ರ ಆ ಹುಡುಗಿ ಹೆಂಗ್ ಬಂದ್ಳು? ಎಲ್ಲಾರಿಗೂ ಪುನರ್ಜನ್ಮ ಕೊಟ್ಟಾನ, ಪುಣ್ಯಾತ್ಮ" ಅಂದರು ಸಾವಕಾರರು. "ಮುಖವಾಡ ನೋಡ್ರಿ, ಒಡದ್ರೂ ಬೆಸಿಗಿ ಗುರುತ ಇಲ್ಲ. ಅದು ಕೆಲಸ" ಅಂದ ಮಿಸ್ತ್ರಿ. ನಾನು ಸುಮ್ಮನೆ ಚಹಾ ಕುಡಿದೆ. ಹೇಳಿದರೆ ಅವರ ಖುಷಿಯೂ ಹೋಗುತ್ತಿತ್ತು, ನನ್ನ ಪಗಾರವೂ ಹೋಗುತ್ತಿತ್ತು.

ಸುದ್ದಿ ಹಬ್ಬಿತು. ಸತ್ತವನು ಹೇಗೆ ಎದ್ದ ಅಂತ ನೋಡಲು ಕಣಗಲಾದಿಂದ, ಹಿಡಕಲ್ಲಿನಿಂದ ಜನ ಟ್ರ್ಯಾಕ್ಟರಿನಲ್ಲಿ ಬಂದರು. ಹನ್ನೊಂದು ದಿನ ಹಾಗೇ ಓಡಿಸಿದೆ. ಆದರೆ ನಾನೂ ವೆಲ್ಡರಿನ ಭಕ್ತನೇ ಅಲ್ಲವೇ? ಅವನ ಪಿಕ್ಚರನ್ನು ಒಮ್ಮೆಯಾದರೂ ಸರಿಯಾಗಿ ನೋಡಬೇಕು ಅನ್ನುವ ಆಸೆ ತಡೆಯಲಾಗಲಿಲ್ಲ. ಹನ್ನೆರಡನೆಯ ದಿನ, ಒಂದು ಮಂಗಳವಾರದ ಮ್ಯಾಟಿನಿಗೆ, ಯಾರಿಗೂ ಹೇಳದೆ ರೀಲುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿಕೊಂಡೆ.

ಗ್ರಹಚಾರಕ್ಕೆ ಅದೇ ದಿನ ಮಾಸ್ತರರು ಸಾಲೆಗೆ ಮತ್ತೆ ರಜೆ ಹಾಕಿ ಹುಕ್ಕೇರಿಯಿಂದ ಒಂದು ಟೆಂಪೋ ಜನರನ್ನು ಕರೆತಂದಿದ್ದರು. ಸಾವಕಾರರೂ ಮಿಸ್ತ್ರಿಯೂ ಇದ್ದರು. ಇಂಟರ್ವಲ್ ಬಂದರೂ ವೆಲ್ಡರ್ ಸಾಯಲಿಲ್ಲ. ಹಾಲಿನಲ್ಲಿ ಗುಜುಗುಜು ಶುರುವಾಯಿತು. ಗೆಳತಿ ಸತ್ತವಳು ಸತ್ತೇ ಉಳಿದಳು. ಕಡೆಗೆ ವೆಲ್ಡರ್ ಸತ್ತು ಹೆಸರು ಹರಿಯತೊಡಗಿದ್ದೇ ತಡ, ಮಾಸ್ತರರು ಬಾಲ್ಕನಿಯಿಂದ ನನ್ನ ಕಿಂಡಿಯ ಕಡೆ ತಿರುಗಿ ಕೂಗಿದರು.

"ರೀಲ್ ಹಿಂದ್ ಮುಂದ್ ಹಾಕ್ಯಾನ್ರಿ ಇವಾ."

ಇಡೀ ಹಾಲು ಎದ್ದಿತು. ಸತ್ತ ಮೇಲೆ ಎದ್ದು ಬರುವ ಪಿಕ್ಚರು ತೋರಿಸಿ ಅಂತ ಕುರ್ಚಿ ಬಡಿದರು. ಮಾಲಕರು ಏದುಸಿರು ಬಿಡುತ್ತ ಕ್ಯಾಬಿನ್ನಿಗೆ ಹತ್ತಿ ಬಂದರು.

"ಏನ್ ಮಾಡೀದಿ?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಮಾಲಕ್ರ, ಹನ್ನೊಂದ್ ದಿನ ತಪ್ಪ ಹಾಕೀನ್ರಿ. ಬರೋಬ್ಬರಿ ಹಾಕಿದ್ದು ಇವತ್ತ ಒಂದ ದಿನ" ಅಂದೆ.

ಅವರು ಕಿಂಡಿಯಿಂದ ಕೆಳಗಿನ ಜನರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಇಳಿದು ಹೋಗಿ, ಪರದೆಯ ಮುಂದಿನ ಕಟ್ಟೆ ಹತ್ತಿ ಕೈ ಮುಗಿದರು.

"ಆಪರೇಟರ್‌ನಿಂದ ಇವತ್ತ ತಪ್ಪಾಗೇತ್ರಿ. ಅವಗ ಬೈದೇನಿ. ಇವತ್ತಿನ ಟಿಕೇಟ್ ಇಟ್ಕೊಂಡ್ ನಾಳೆ ಬರ್ರಿ, ಮೊದಲಿನಂಗ ಬರೋಬ್ಬರಿ ತೋರಸ್ತೇವಿ."

ಮರುದಿನದಿಂದ ಪಿಕ್ಚರು ಮೊದಲಿನ ಹಾಗೆಯೇ ಓಡಿತು. ನಾಲ್ಕು ವಾರ ಓಡಿತು, ಮಂಗಲ ಕಾರ್ಯಾಲಯದ ಮಾತನ್ನು ಮಾಲಕರು ಮತ್ತೆ ಎತ್ತಲಿಲ್ಲ. ಆದರೆ ಆ ಮಂಗಳವಾರ ನನಗೆ ಕೆಳಗೆ ಇಳಿಯಲು ಮುಖವಿರಲಿಲ್ಲ. ಹಾಲು ಖಾಲಿಯಾದ ಮೇಲೂ ಮೆಟ್ಟಿಲ ಮೇಲೆ ಕೂತಿದ್ದೆ. ಹೊತ್ತು ಮುಳುಗುವುದರೊಳಗೆ ಊರು ಮುಟ್ಟಿ ಉಣ್ಣಬೇಕಾದ ಸಾವಕಾರರು ಬಸ್ಸು ತಪ್ಪಿಸಿಕೊಂಡು ನನ್ನ ಹತ್ತಿರ ಬಂದರು. ಹೆಗಲ ಮೇಲೆ ಕೈ ಇಟ್ಟರು.

"ಮನಸಿಗಿ ಹಚ್ಕೊಬ್ಯಾಡೋ, ತಮ್ಮಾ. ಮನಷ್ಯಾ ಅಂದ ಮ್ಯಾಲ ತಪ್ಪ್ ಆಕ್ಕಾವು. ಹನ್ನೊಂದ್ ದಿನ ಎಷ್ಟ ಚಂದ ಹಾಕಿದ್ದಿ."