ಪರ್ಫೆಕ್ಟ್ ಆಟಕ್ಕೆ ಮಾಮಾ ಅಂಪೈರ್

ತಪ್ಪಿಲ್ಲದೆ ಒಂದು ಕೆಲಸ ಮಾಡಿದ್ದೇನೆ ಎಂದು ನಾನು ಹೇಳಿದರೆ ಮೊದಲು ನಗುವವಳು ನನ್ನ ಹೆಂಡತಿ. ನಾನು ಕಟ್ಟಿದ ಪರದೆ ಒಂದು ಕಡೆ ಜೋಲುತ್ತದೆ. ನಾನು ಆರಿಸಿ ತಂದ ಬದನೆಕಾಯಿಯೊಳಗೆ ಹುಳ ಮೊದಲೇ ಸಂಸಾರ ಹೂಡಿರುತ್ತದೆ. ಬೀದರಿನ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನಾನು ಕರಿಹಲಗೆಯ ಮೇಲೆ ಬರೆಯುವ ಸಾಲು ಕೂಡ ಬಲಕ್ಕೆ ಹೋಗುತ್ತ ಹೋಗುತ್ತ ಗುಡ್ಡ ಹತ್ತುತ್ತದೆ. ಮನುಷ್ಯನೆಂದ ಮೇಲೆ ಇಷ್ಟೇ ಎಂದು ಸಮಾಧಾನದಿಂದ ಇದ್ದೆ. ಭೂಮಿಯ ಮೇಲೆ ಹುಳುಕೇ ಇಲ್ಲದ ಒಂದು ಸಂಗತಿ ಉಂಟು, ಬೇಸ್‌ಬಾಲಿನಲ್ಲಿ ಅದಕ್ಕೆ ಪರ್ಫೆಕ್ಟ್ ಗೇಮ್ ಅನ್ನುತ್ತಾರೆ ಎಂದು ಹೇಳಿ ಆ ಸಮಾಧಾನ ಕೆಡಿಸಿದವಳು ಅಕ್ಕನ ಮಗಳು ಗೌತಮಿ.

ಅಕ್ಕ ಇರುವುದು ಭಾಲ್ಕಿ ತಾಲ್ಲೂಕಿನ ಸಾಯಗಾಂವದಲ್ಲಿ. ಗೌತಮಿ ಭಾಲ್ಕಿಯ ಹುಡುಗಿಯರ ತಂಡದ ಪಿಚರ್, ಅಂದರೆ ಚೆಂಡು ಎಸೆಯುವವಳು. ರಜೆಗೆ ನಮ್ಮ ಮನೆಗೆ ಬಂದಾಗಲೆಲ್ಲ ಅಂಗಳದಲ್ಲಿ ನನ್ನನ್ನು ಕುಕ್ಕರಗಾಲಲ್ಲಿ ಕೂರಿಸಿ ಎಸೆಯುತ್ತಿದ್ದಳು. ಮೊಣಕಾಲಿಗೆ ಪೆಟ್ಟು ಬಿದ್ದ ಮೇಲೆ, ಚೆಂಡು ಹಿಡಿಯುವುದಕ್ಕಿಂತ ನಿಯಮ ಓದುವುದು ಕ್ಷೇಮವೆಂದು ಫೋನಿನಲ್ಲಿ ನಿಯಮಾವಳಿ ತೆರೆದು ಕುಳಿತೆ. ಹೀಗೆ, ಹೆದರಿಕೆಯಿಂದ ವಿದ್ವಾಂಸನಾದವನು ನಾನು.

"ಕ್ರಿಕೆಟ್ಟಿನಂಗ ಅಲ್ಲರಿ ಮಾಮಾ," ಅಂದಳು ಗೌತಮಿ. "ಎದುರಿನವ್ರು ಒಬ್ಬಾಕಿನೂ ಮೊದಲನೇ ಬೇಸ್ ಅನ್ನೋ ಗುರ್ತು ಮುಟ್ಟಬಾರ್ದು. ಹೊಡದೂ ಮುಟ್ಟಬಾರ್ದು, ನಾ ಕೆಟ್ಟ ಎಸದದ್ದಕ್ಕ ಫುಕಟ್ ಹೋಗ್ಲೂ ಬಾರ್ದು, ನಮ್ಮವ್ರ ಕೈಯಾಗಿಂದ ಚೆಂಡು ಜಾರ್ಲೂ ಬಾರ್ದು. ಕಡೀತನಕ ಎಲ್ಲಾರೂ ಬಂದಂಗ ಹೊಳ್ಳಿ ಹೋಗಬೇಕು."

ಅಮೆರಿಕದ ದೊಡ್ಡ ತಂಡಗಳು ಲಕ್ಷಗಟ್ಟಲೆ ಪಂದ್ಯ ಆಡಿದರೂ ಇಂಥದ್ದು ಕಂಡಿರುವುದು ಎರಡು ಡಜನ್ ಸಲವಂತೆ. ನನಗೆ ಅದರಲ್ಲಿ ಆಶ್ಚರ್ಯವಿಲ್ಲ. ಎಸೆಯುವವಳ ಬೆನ್ನಿಗಿರುವ ಎಂಟು ಜನರೂ ತಪ್ಪಬಾರದು. ಎಂಟು ಜನ ಒಟ್ಟಿಗೆ ತಪ್ಪು ಮಾಡದೆ ಇದ್ದದ್ದನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಚಹಾ ಆರುವಷ್ಟು ಹೊತ್ತೂ ನಾನು ಕಂಡಿಲ್ಲ. ಇನ್ನೊಂದು ಕಟ್ಟಳೆಯೂ ಇದೆ: ಅಂಥ ಆಟ ಆಗುತ್ತಿರುವಾಗ ಯಾರೂ ಅದರ ಹೆಸರೆತ್ತಬಾರದು, ಎತ್ತಿದರೆ ಕೆಡುತ್ತದಂತೆ. ಅಮೆರಿಕದವರಿಗೂ ನಜರ್, ಅಂದರೆ ಕೆಟ್ಟ ದೃಷ್ಟಿ, ತಾಗುತ್ತದೆ ಎಂದು ತಿಳಿದು ನನ್ನ ಹೆಂಡತಿಗೆ ಆ ದೇಶದ ಮೇಲೆ ಮೊದಲ ಸಲ ಗೌರವ ಮೂಡಿತು.

ಕಳೆದ ಚಳಿಗಾಲದಲ್ಲಿ ಭಾಲ್ಕಿ ಮತ್ತು ಔರಾದಿನ ಹುಡುಗಿಯರ ನಡುವೆ ಬೀದರಿನಲ್ಲಿ ಒಂದು ಸ್ನೇಹಪಂದ್ಯ ನಡೆಯಿತು. ಬರಬೇಕಿದ್ದ ಅಂಪೈರರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ನಿಯಮ ಓದಿಕೊಂಡವನು ಮೈದಾನದಲ್ಲಿ ನಾನೊಬ್ಬನೇ. ಪಿಚರಿನ ಸೋದರಮಾವ ನಾನು, ಸರಿಯಾಗದು ಎಂದೆ. ಔರಾದಿನ ಕೋಚು ಕೇಳಲಿಲ್ಲ. "ಇನ್ನೂ ಚೊಲೋ ಆತಲ್ರಿ ಸರ. ಮಂದಿ ಏನಂತಾರ ಅಂತ ಅಂಜಿ ನೀವು ಬರೋಬ್ಬರಿ ಫೈಸಲಾ ಕೊಡ್ತೀರಿ," ಎಂದು ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಯೇಬಿಟ್ಟರು. ಇಲಿಬೋನಿನೊಳಗಿಂದ ಲೋಕ ಹೇಗೆ ಕಾಣುತ್ತದೆಂದು ಅಂದು ಗೊತ್ತಾಯಿತು.

ಏಳು ಇನಿಂಗ್ಸಿನ ಆಟ; ಮೂವರು ಔಟಾದರೆ ಒಂದು ಇನಿಂಗ್ಸ್ ಮುಗಿಯಿತು. ಔರಾದಿನ ಹುಡುಗಿಯರು ಬರುತ್ತಿದ್ದರು, ಹೋಗುತ್ತಿದ್ದರು. ಐದನೆಯ ಇನಿಂಗ್ಸಿನ ಹೊತ್ತಿಗೆ ಭಾಲ್ಕಿಯ ಹುಡುಗಿಯರು ಮಾತು ನಿಲ್ಲಿಸಿದರು. ಬೆಂಚಿನ ಮೇಲೆ ಗೌತಮಿಯ ಪಕ್ಕ ಯಾರೂ ಕೂರಲಿಲ್ಲ. ಆಗ ಕಟ್ಟೆಯ ಮೇಲಿಂದ ಅಕ್ಕನ ದನಿ ಕೇಳಿತು: "ತಮ್ಮಾ, ಒಬ್ಬಾಕಿನೂ ಮುಟ್ಟಿಲ್ಲಲ್ಲೋ! ಇದೇ ಏನೋ ಆ ಪರ್ಫೆಕ್ಟು?"

"ಅಕ್ಕಾ, ಬಾಯಿ ಮುಚ್ಚರಿ, ನಜರ್ ಆಗ್ತದ!" ಎಂದು ನನ್ನ ಹೆಂಡತಿ ಅವಳಿಗಿಂತ ಜೋರಾಗಿ ಕೂಗಿದಳು.

ಕೊನೆಯ ಇನಿಂಗ್ಸಿನಲ್ಲಿ ಇಬ್ಬರು ಔಟಾದರು. ಇನ್ನೊಬ್ಬಳು ಔಟಾದರೆ ಮುಗಿಯಿತು. ಬಂದವಳು ಸಾವಿತ್ರಿ ಎಂಬ ಪುಟ್ಟ ಹುಡುಗಿ. ಬ್ಯಾಟೇ ಅವಳನ್ನು ಹಿಡಿದುಕೊಂಡಂತಿತ್ತು. ಅವಳು ಬೀಸಲೇ ಇಲ್ಲ. ನೋಡುತ್ತ ನೋಡುತ್ತ ಎರಡು ಸ್ಟ್ರೈಕು, ಮೂರು ಬಾಲು ಆದವು. ಮೊಣಕಾಲಿನಿಂದ ಎದೆಮಟ್ಟದವರೆಗಿನ ಅಳತೆಯೊಳಗೆ ಚೆಂಡು ಬಂದು ಇನ್ನೊಂದು ಸ್ಟ್ರೈಕಾದರೆ ಅವಳು ಔಟು. ನಾಲ್ಕನೆಯ ಬಾಲ್ ಆದರೆ, ಅಂದರೆ ಚೆಂಡು ಅಳತೆ ತಪ್ಪಿ ಬಂದರೆ, ನಡೆದುಕೊಂಡೇ ಮೊದಲನೇ ಬೇಸಿಗೆ ಹೋಗುತ್ತಾಳೆ.

ಗೌತಮಿ ಎಸೆದಳು. ಚೆಂಡು ನೇರವಾಗಿಯೇ ಬಂತು, ಆದರೆ ಸಾವಿತ್ರಿಯ ಮೊಣಕಾಲಿಗಿಂತ ಎರಡು ಬೆರಳು ಕೆಳಗೆ. ಸುಮ್ಮನಿದ್ದುಬಿಡೋಣ ಅನ್ನಿಸಿತು, ಅಂಪೈರನಿಗೆ ಆ ಸೌಕರ್ಯವಿಲ್ಲ. "ಬಾಲ್!" ಎಂದೆ. ನನ್ನ ದನಿ ನನಗೇ ಪರಕೀಯವಾಗಿತ್ತು. ಸಾವಿತ್ರಿ ನಂಬಿಕೆಯಾಗದೆ ನನ್ನನ್ನು ನೋಡಿ, ನಾನು ಮನಸ್ಸು ಬದಲಿಸುವ ಮೊದಲೇ ಓಡಿದಳು. ಗೌತಮಿ ಟೋಪಿ ತೆಗೆದು ಹಣೆ ಒರೆಸಿಕೊಂಡಳು. ಮುಂದಿನವಳನ್ನು ಔಟ್ ಮಾಡಿದಳು. ಭಾಲ್ಕಿ ಗೆದ್ದಿತು. ಗೆದ್ದ ಊರಿನವರು ಯಾರೂ ನನ್ನ ಕೈ ಕುಲುಕಲಿಲ್ಲ.

"ಎರಡು ಬೆರಳಂತ, ಎರಡು ಬೆರಳು!" ಅಕ್ಕ ಮೈದಾನದಲ್ಲೇ ಹಿಡಿದುಕೊಂಡಳು. "ಸಾರಿನ್ಯಾಗ ಉಪ್ಪಿಲ್ಲದ್ದು ತಿಳಿಯಂಗಿಲ್ಲ ನಿನಗ, ಅಲ್ಲಿ ಎರಡು ಬೆರಳು ಕಂಡ್ತೇನೋ?" ನನಗೆಂದು ತಂದಿದ್ದ ಹೋಳಿಗೆಯ ಡಬ್ಬಿ ಹಾಗೇ ಭಾಲ್ಕಿ ಬಸ್ಸು ಹತ್ತಿತು. ಮನೆಯಲ್ಲಿ ಹೆಂಡತಿ ಮಾತಿಲ್ಲದೆ ಬಡಿಸತೊಡಗಿದಳು. ತಟ್ಟೆ ನೆಲಕ್ಕೆ ತಾಗುವ ಸದ್ದಿನಲ್ಲಿಯೇ ಎಲ್ಲ ಹೇಳುತ್ತಿದ್ದಳು.

ಕಾಲೇಜಿನಲ್ಲಿ ಮಾತ್ರ ನನ್ನ ಕಾಲ ಬಂದಿತ್ತು. ಔರಾದಿನ ಕೋಚು ಸುದ್ದಿ ಹಬ್ಬಿಸಿದ್ದರು. ಸ್ವಂತ ಸೋದರಸೊಸೆಯ ಪರ್ಫೆಕ್ಟ್ ಆಟ ಮುರಿದ ಧರ್ಮಾತ್ಮನನ್ನು ನೋಡಲು ವಿಜ್ಞಾನ ವಿಭಾಗದವರೂ ಬಂದು ಹೋದರು. "ಸರ, ಮಂಗಳವಾರ ಮಕ್ಕಳಿಗಿ ನಿಷ್ಪಕ್ಷಪಾತದ ಮ್ಯಾಲ ನಾಕು ಮಾತು ಹೇಳ್ರಿ," ಎಂದರು ಪ್ರಾಂಶುಪಾಲರು. ನಾನು ಸಂಕೋಚ ನಟಿಸಿ ಒಪ್ಪಿಕೊಂಡೆ.

ಭಾನುವಾರ ಗೌತಮಿ ಬಂದಳು. "ಸಿಟ್ಟದ ಏನವ್ವಾ?" ಎಂದು ಮೆಲ್ಲಗೆ ಕೇಳಿದೆ.

"ಯಾಕ್ರಿ ಮಾಮಾ? ಅದು ಬಾಲೇ ಇತ್ತು. ಕೈ ಬೆವತು ಜಾರ್ತು."

ನನ್ನ ಎದೆ ಉಬ್ಬಿತು. "ಕೇಳಿದೇನ?" ಎಂದು ಅಡುಗೆಮನೆಯ ಕಡೆ ಕೂಗಿದೆ.

"ಆದ್ರ," ಅಂದಳು ಹುಡುಗಿ, "ನಾಕನೇ ಇನಿಂಗ್ಸಿನ್ಯಾಗ ಅವ್ರ ಕ್ಯಾಪ್ಟನ್ನಿಗಿ ಎರಡು ಸ್ಟ್ರೈಕ್, ಮೂರು ಬಾಲ್ ಆಗಿದ್ವು ನೋಡ್ರಿ. ಆಮ್ಯಾಲಿಂದಕ್ಕ ನೀವು ಸ್ಟ್ರೈಕ್ ಅಂದು ಔಟ್ ಕೊಟ್ರಿ. ಅದು ಒಂದು ಗೇಣು ಹೊರಗಿತ್ತರಿ. ಖರೇ ಅಂದ್ರ ನನ್ನ ಪರ್ಫೆಕ್ಟು ಅಲ್ಲೇ ಮುಗದಿತ್ತು."

"ಅಲ್ಲೇ ಹೇಳಬೇಕಿಲ್ಲೇನವ್ವಾ?"

"ಹ್ಯಾಂಗ ಹೇಳ್ಲಿರಿ? ನೀವು ಅಷ್ಟು ಖುಷೀಲೆ ಒದರಿದ್ರಿ."

ಅಡುಗೆಮನೆಯಿಂದ ನಗು ಕೇಳಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು. "ಅಂದ್ರ ಒಮ್ಮೆರೆ ಸೋದರಮಾವ ಆಗೀರಿ! ತಡೀರಿ, ಅಕ್ಕಗ ಫೋನ್ ಮಾಡ್ತೇನಿ," ಎಂದಳು. ಅಂದು ನನಗೆ ಬಿಸಿ ರೊಟ್ಟಿ ಸಿಕ್ಕಿತು, ಮಾತೂ ಸಿಕ್ಕಿತು. ಧರ್ಮ ಬಿಟ್ಟದ್ದಕ್ಕೆ ಮನೆಯಲ್ಲಿ ಕ್ಷಮೆ, ಧರ್ಮ ಹಿಡಿದದ್ದಕ್ಕೆ ಕಾಲೇಜಿನಲ್ಲಿ ಸನ್ಮಾನ. ಎರಡನ್ನೂ ನಾನು ಬೇಡವೆನ್ನಲಿಲ್ಲ.

ಮಂಗಳವಾರ ಮಕ್ಕಳೆದುರು ನಿಂತು ಏಳನೆಯ ಇನಿಂಗ್ಸಿನ ಬಗ್ಗೆ ಮನಮುಟ್ಟುವಂತೆ ಮಾತಾಡಿದೆ. ನಾಲ್ಕನೆಯದಕ್ಕೆ ಸಮಯ ಸಾಲಲಿಲ್ಲ.