ತುರ್ಕುವಿನ ‘ಕ’ ಎಲ್ಲಿಗೆ ಹೋಯಿತು

ಮೊಮ್ಮಗಳ ಸಂಬಂಧ ಮುರಿಯುವ ಹಂತಕ್ಕೆ ಬಂದದ್ದು ಜಾತಕದಿಂದಲ್ಲ, ಚಿನ್ನದ ಮಾತಿನಿಂದಲೂ ಅಲ್ಲ. ಒಂದು ಊರಿನ ಹೆಸರಿನಿಂದ ‘ಕ’ ಬಿದ್ದುಹೋದದ್ದರಿಂದ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಕ್ಷರಗಳು ಹೀಗೆ ಬೀಳುತ್ತವೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಸುಪ್ರೀತಾ ಫಿನ್‌ಲ್ಯಾಂಡಿನಲ್ಲಿ ನರ್ಸ್. ಊರು ತುರ್ಕು. ಕೇಳಿದರೆ ಮೈ ತುರಿಸುವ ಹಾಗಿದೆ, ಆದರೆ ಹಿಂದೆ ಅದಕ್ಕೆ ಸಂತೆ ಅಂತ ಅರ್ಥವಂತೆ. ರಷ್ಯದ ಕಡೆಯ ವ್ಯಾಪಾರಿಗಳ ಮಾತಂತೆ. ಇರಲಿ. ಮದುವೆಯಾಗಿ ಬಂದ ಮೇಲೆ ನಾನೂ ಬೈಕುಲ್ಲಾ ಮಾರ್ಕೆಟ್ಟಿನ ಹಿಂದೆಯೇ ಇದ್ದವಳು, ಕೊಳೆತ ಕ್ಯಾಬೇಜಿನ ವಾಸನೆಯಲ್ಲೇ ಮೂರು ಮಕ್ಕಳನ್ನು ಸಾಕಿದೆ. ಸಂತೆಗೆ ಹೆದರುವವಳಲ್ಲ. ಅಲ್ಲಿನ ಭಾಷೆ ಕಲಿತ ಉಮೇದಿನಲ್ಲಿ ಈ ಹುಡುಗಿ ತನ್ನ ಫೋಟೊಗಳ ಕೆಳಗೆಲ್ಲ ಅದರಲ್ಲೇ ಬರೆಯುತ್ತಾಳೆ. ಎಡವಟ್ಟಾದದ್ದು ಅಲ್ಲಿ.

ಹುಡುಗ ಅಂಧೇರಿಯವನು. ಇಬ್ಬರೂ ಫೋನಿನಲ್ಲೇ ಮಾತಾಡಿ ಒಪ್ಪಿಯಾಗಿತ್ತು. ಅವನ ತಾಯಿ ಚೆಂಬೂರಿಗೆ ನಮ್ಮ ಮನೆಗೆ ಬಂದವರು, ಬನ್ಸ್ ತಿನ್ನುತ್ತಾ ಮೊಬೈಲು ತೋರಿಸಿದರು. “ಅಮ್ಮಾ, ಹುಡುಗಿ ತುರ್ಕುವಿನಲ್ಲಿ ಅಂದ್ರಿ. ಈ ಫೋಟೊದ ಕೆಳಗೆ ‘ತುರುಸ್ಸ’ ಅಂತ ಉಂಟು. ಇದರಲ್ಲಿ ‘ತುರುಸ್ತ’. ಎಷ್ಟು ಊರು ಇವಳಿಗೆ?”

ನನಗೆ ತಲೆಬುಡ ಗೊತ್ತಾಗಲಿಲ್ಲ. “ಆಗಾಗ ಮನೆ ಬದಲಾಯಿಸ್ತಾಳೆ,” ಅಂದುಬಿಟ್ಟೆ. ಅವರು ಅರ್ಧ ಬನ್ಸ್ ತಟ್ಟೆಯಲ್ಲೇ ಬಿಟ್ಟು, “ನೋಡುವ” ಅಂತ ಎದ್ದರು.

ಸಂಜೆ ಸುಪ್ರೀತಾಳ ಫೋನು. ಹುಡುಗನಿಂದ ವಿಷಯ ಅವಳಿಗೆ ಮುಟ್ಟಿತ್ತು. ಅಳುವುದೊಂದು ಬಾಕಿ. “ಅಜ್ಜಿ, ಎಂತ ಹೇಳಿಬಿಟ್ರಿ? ಎಲ್ಲ ಒಂದೇ ಊರು. ತುರುಸ್ಸ ಅಂದ್ರೆ ತುರ್ಕುವಿನಲ್ಲಿ, ತುರುಸ್ತ ಅಂದ್ರೆ ತುರ್ಕುವಿನಿಂದ.”

“ತುರ್ಕುವಿಗೆ ಅನ್ನಲಿಕ್ಕೆ?”

“ತುರ್ಕೂನ್.”

“ಹೋಗುವಾಗ ‘ಕ’ ಉಂಟು, ಒಳಗೆ ಕೂತರೆ ಇಲ್ಲ. ಬಾಗಿಲಲ್ಲಿ ಬಿಡಲಿಕ್ಕೆ ಅದೇನು ಚಪ್ಪಲಿಯಾ?”

“ಹೊರಟು ಬರುವಾಗಲೂ ಇಲ್ಲ ಅಜ್ಜಿ.”

“ಹಾಗಾದ್ರೆ ಯಾರೋ ಕದ್ದಿದ್ದಾರೆ.”

“ನೀವು ಬೈಕುಲ್ಲಾದಲ್ಲಿ ಅಂತೀರಲ್ಲ, ಆ ‘ದ’ ಎಲ್ಲಿಂದ ಬಂತು? ನಾನು ಯಾವತ್ತಾದ್ರೂ ಕೇಳಿದ್ದೇನಾ?”

ನಾನು ಮೆಲ್ಲಗೆ ಹೇಳಿ ನೋಡಿದೆ. ಬೈಕುಲ್ಲಾದಲ್ಲಿ, ಬೈಕುಲ್ಲಾದಿಂದ. ಹೋಗುವಾಗ ಮಾತ್ರ ಬೈಕುಲ್ಲಾಕ್ಕೆ. ಅಲ್ಲೊಂದು ‘ಕ’ ಬೇರೆ. ಯಾರದ್ದು ಅಂತ ವಿಚಾರಿಸದೆ ಐವತ್ತು ವರ್ಷ ಬಳಸಿದ್ದೇನೆ.

ಮರುದಿನ ಬೆಳಿಗ್ಗೆ ಎರಡು ಲೋಕಲ್ ರೈಲು ಹಿಡಿದು ಅಂಧೇರಿಗೆ ಹೋಗಿ ಅವರ ಮನೆಯ ಬೆಲ್ ಒತ್ತಿದೆ. ವ್ಯಾಕರಣ ಹೇಳಲಿಲ್ಲ, ನನಗೇ ಇನ್ನೂ ಸರಿಯಾಗಿ ತಲೆಗೆ ಹತ್ತಿಲ್ಲ. “ಹುಡುಗಿ ಎಲ್ಲಿಗೂ ಹೋಗಿಲ್ಲ, ಅದೆಲ್ಲ ಒಂದೇ ಊರು. ನಿಮ್ಮೆದುರು ಗೊತ್ತಿಲ್ಲ ಅನ್ನಲಿಕ್ಕೆ ನಾಚಿಕೆಯಾಗಿ ನಾನೇ ಸುಳ್ಳು ಹೇಳಿದ್ದು,” ಅಂದೆ.

ಅವರು ಬಾಗಿಲು ಪೂರ್ತಿ ತೆರೆದರು. “ನಾನು ಇಷ್ಟು ದಿನ ಅದು ತುರ್ಕಿ ದೇಶ ಅಂದ್ಕೊಂಡಿದ್ದೆ ಅಮ್ಮಾ. ಬನ್ನಿ, ಚಹಾ ಆಗ್ತಾ ಉಂಟು. ಸಕ್ಕರೆ ನಡೀತದಲ್ಲ?”

“ನಡೀತದೆ,” ಅಂದೆ. ಶುಗರ್ ಇದೆ ಅಂತ ಹೇಳಲು ನಾಚಿಕೆಯಾಗಿ ಎರಡು ಲೋಟ ಕುಡಿದೆ.