ತಾಮ್ರದ ಗುಟ್ಟು

ಗುಟ್ಟಿನ ಮಾತಾಡುವುದಕ್ಕೆ ಕೊಯಮತ್ತೂರಿನ ಕನ್ನಡದವರಿಗೆ ಇರುವಷ್ಟು ಅನುಕೂಲ ಬೇರೆ ಯಾರಿಗೂ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ನಮ್ಮ ಹಿರಿಯರು ಮಗ್ಗದ ಜೊತೆ ಈ ಕಡೆ ಬಂದು ಎಷ್ಟು ತಲೆಮಾರಾಯಿತೋ ಯಾರೂ ಎಣಿಸಿಲ್ಲ. ಹೊರಗೆಲ್ಲ ತಮಿಳು, ಕನ್ನಡ ಏನಿದ್ದರೂ ಮನೆಯೊಳಗೆ, ಅದೂ ತಮಿಳಿನ ರಾಗದಲ್ಲಿ. ಹಾಗಾಗಿ ಸೀರೆ ಅಂಗಡಿಯವನ ಎದುರಿಗೇ "ಬಣ್ಣ ಬಿಡುತ್ತೆ, ಏಳು ಹೋಗಾಣ" ಎಂದು ನಗುನಗುತ್ತಾ ಹೇಳಿ ಎದ್ದು ಬರಬಹುದು. ಬೇರೆಯವರು ಬಾಯಿಗೆ ಕೈ ಅಡ್ಡ ಹಿಡಿದರೆ ನಾವು ಭಾಷೆಯನ್ನೇ ಅಡ್ಡ ಹಿಡಿಯುತ್ತೇವೆ. ನನ್ನ ಹತ್ತಿರವಂತೂ ಎರಡನೆಯ ಪರದೆಯೂ ಇತ್ತು. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಕನ್ನಡ ಅಕ್ಷರ ಕಲಿತೆ. ಪೋತ್ತನೂರಿನ ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಹಾಲಿನ ಲೆಕ್ಕದಿಂದ ಹಿಡಿದು ಮನಸ್ಸಿನ ಬೇಸರದವರೆಗೆ ಏನನ್ನು ಬರೆದು ಮೇಜಿನ ಮೇಲೆ ಬಿಟ್ಟರೂ ಬೀಗ ಹಾಕಿದ ಹಾಗೆಯೇ.

ಮದುವೆಯಾಗಿ ವರ್ಷ ಕಳೆದಿತ್ತು. ನಾನು ಕೆಲಸ ಮಾಡುವ ಪಂಪ್ ಮೋಟಾರ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಇನ್ನೆರಡು ವರ್ಷ ನಿಂತರೆ ಅದರ ಹೊಣೆ ನನಗೇ ಬರುವುದಿತ್ತು. ಅಲ್ಲಿಯತನಕ ಮಗು ಬೇಡ ಎಂದು ನಾನೂ ನನ್ನ ಗಂಡ ಕಾರ್ತಿಕ್‌ನೂ ನಿಶ್ಚಯಿಸಿದ್ದೆವು. ನನಗೆ ಕಣ್ಣ ಮುಂದೆ ಮಿಂಚು ಕುಣಿಸಿಕೊಂಡು ಬರುವ ಅರೆತಲೆನೋವು ಇದೆ. ಹಾರ್ಮೋನಿನ ಮಾತ್ರೆ ನಿಮಗೆ ಆಗುವುದಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿಬಿಟ್ಟಿದ್ದರು. ಉಳಿದವುಗಳಲ್ಲಿ ಯಾವುದೆಂದು ಯೋಚಿಸಿ ಬನ್ನಿ ಎಂದರು. ಯೋಚಿಸುವುದು ಎಂದರೆ ನನಗೆ ಕೋಷ್ಟಕ ಹಾಕುವುದು. ಒಂದು ದೊಡ್ಡ ಹಾಳೆಯಲ್ಲಿ ಕಾಂಡೋಮ್, ದಿನ ಎಣಿಸುವ ಪದ್ಧತಿ, ಕಾಪರ್-ಟಿ, ಆಪರೇಷನ್ ಎಲ್ಲವನ್ನೂ ಸಾಲಾಗಿ ಬರೆದು, ಎದುರಿಗೆ ನಂಬಿಕೆ, ತೊಂದರೆ, ಬೇಡವಾದಾಗ ನಿಲ್ಲಿಸಬಹುದೇ ಎಂಬ ಕಾಲಂಗಳನ್ನು ಎಳೆದೆ. ಕೊನೆಯ ಕಾಲಂ: ಅತ್ತೆಗೆ ತಿಳಿಯುತ್ತದೆಯೇ? ಎಲ್ಲಕ್ಕಿಂತ ಅಗಲವಾದ ಕಾಲಂ ಅದೇ. ಅತ್ತೆ ಮೊಮ್ಮಗುವಿಗೆಂದು ಹಳೆಯ ಮೆತ್ತನೆ ಸೀರೆಗಳನ್ನು ಬೇರೆ ತೆಗೆದಿಟ್ಟಿದ್ದು ನನಗೆ ಗೊತ್ತಿತ್ತು. ಅವರು ಒಂದು ಮಾತೂ ಕೇಳುತ್ತಿರಲಿಲ್ಲ, ಅದೇ ಕಷ್ಟ. ಗೊತ್ತಾದರೆ ಜಗಳವಾಡುವವರಲ್ಲ, ಮೌನವಾಗಿಬಿಡುವವರು. ಆ ಮೌನದಲ್ಲಿ ಎರಡು ವರ್ಷ ಬದುಕುವುದು ನನ್ನಿಂದಾಗದು ಎನಿಸಿತ್ತು. ಆ ಕೊನೆಯ ಕಾಲಂನಲ್ಲಿ ಕಾಪರ್-ಟಿಯ ಮುಂದೆ 'ಇಲ್ಲ' ಎಂದು ಬರೆದು ಅಡಿಗೆರೆ ಹಾಕಿದೆ. ದಿನವಿಡೀ ಮೋಟಾರಿನ ತಾಮ್ರದ ತಂತಿಯನ್ನು ಅಳೆದು ಪಾಸು ಮಾಡುವವಳಿಗೆ ತಾಮ್ರದ ಮೇಲೆ ಒಂದಿಷ್ಟು ವಿಶ್ವಾಸವೂ ಇತ್ತೆನ್ನಿ.

ತಲೆನೋವಿನ ಡಾಕ್ಟರ ಹತ್ತಿರ ಎಂದು ಅತ್ತೆಗೆ ಹೇಳಿ ಇಬ್ಬರೂ ಹೊರಟೆವು. ಕೋಷ್ಟಕವನ್ನು ಕಾರ್ತಿಕ್ ಇನ್ನೂ ಓದಿರಲಿಲ್ಲ. ನನ್ನ ಬೀಗ ಅವನಿಗೂ ಬಿದ್ದಿತ್ತು. ಬಸ್ಸು ಉಕ್ಕಡದ ಕೆರೆಯ ಪಕ್ಕ ಸಿಕ್ಕಿಹಾಕಿಕೊಂಡು ನಿಂತಾಗ ನಾನೇ ಮೆಲ್ಲಗೆ ಓದಿ ಹೇಳತೊಡಗಿದೆ. ರೈಲ್ವೆ ವರ್ಕ್‌ಶಾಪಿನಲ್ಲಿ ಸುತ್ತಿಗೆ ಸದ್ದಿನ ನಡುವೆ ಮಾತಾಡಿ ರೂಢಿಯಾದವನು ಮೆಲ್ಲಗೆ ಹೇಳಿದ್ದನ್ನು ಕೇಳಬಲ್ಲನೇ ಹೊರತು ಮೆಲ್ಲಗೆ ಮಾತಾಡಲಾರ. "ತಾಮ್ರ ಅಂದ್ರೆ ಒಳಗೆ ಹಸಿರು ಕಟ್ಟಲ್ವಾ? ಅಮ್ಮ ಚೊಂಬನ್ನ ವಾರಕ್ಕೊಂದು ಸಲ ಹುಣಸೆಹಣ್ಣು ಹಾಕಿ ತಿಕ್ತಾಳಲ್ಲ" ಎಂದ.

ಮುಂದಿನ ಸೀಟಿನಲ್ಲಿ ಮೀನಿನ ಚೀಲ ಹಿಡಿದು ಕೂತಿದ್ದ ಹೆಂಗಸಿನ ಬೆನ್ನು ಕುಲುಕತೊಡಗಿತು. ಆಮೇಲೆ ಆಕೆ ತಿರುಗಿ, ಶುದ್ಧ ನಮ್ಮ ಮನೆಯ ಕನ್ನಡದಲ್ಲಿ, "ಹಸಿರು ಕಟ್ಟಲ್ಲ ಸಾಮಿ. ನಾನು ಹತ್ತು ವರ್ಷ ಇಟ್ಕೊಂಡಿದ್ದೆ. ಮೊದಲು ಮೂರು ತಿಂಗಳು ಮುಟ್ಟು ಜಾಸ್ತಿ, ಅಷ್ಟೇ" ಎಂದರು. ಅದಾದ ಮೇಲೆ ನಮ್ಮವರು ಯಾರೇ ಸಿಕ್ಕರೂ ಕೇಳುವ ಪ್ರಶ್ನೆ: "ಅಮ್ಮಣಿ, ಯಾರ ಮನೆ ಸೊಸೆ ನೀನು?" ನಾನು ಕಿಟಕಿಯಾಚೆ ಕೆರೆ ನೋಡಿದೆ. ಕಾರ್ತಿಕ್ ವಿಧೇಯ ಮಗ. ಅಪ್ಪನ ಹೆಸರು, ಬೀದಿ, ಕುಲ ಎಲ್ಲ ಒಪ್ಪಿಸಿದ. ಆಕೆ ಅತ್ತೆಯ ಜೊತೆ ಚೌಡೇಶ್ವರಿ ಗುಡಿಯಲ್ಲಿ ಪ್ರತಿ ಶುಕ್ರವಾರ ಹೂ ಕಟ್ಟುವವರು. ಅವತ್ತು ಗುರುವಾರ.

ಡಾಕ್ಟರಮ್ಮ ಹಾಳೆಯನ್ನು ನೋಡಿ, ಓದಲು ಬಾರದಿದ್ದರೂ, ಗೆರೆಗಳು ನೇರವಾಗಿವೆ ಎಂದು ಮೆಚ್ಚಿದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಪರೀಕ್ಷಿಸಿ, ನನ್ನ ಆಯ್ಕೆ ಸರಿಯಾಗಿದೆ ಎಂದು ಕಾಪರ್-ಟಿ ಹಾಕಿದರು. ನಾನೇ ಓದಿ, ನಾನೇ ತೂಗಿ, ನಾನೇ ಆರಿಸಿಕೊಂಡದ್ದು. ಹೆಮ್ಮೆಯಿಂದ ಮೆಟ್ಟಿಲಿಳಿಯಬೇಕಿತ್ತು, ಶುಕ್ರವಾರವನ್ನು ನೆನೆದು ಇಳಿದೆ.

ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ಮಲಗಿದ್ದನ್ನು ಅತ್ತೆ ನೋಡಿದರು. ತಲೆನೋವಿಗೆ ಹೋದವಳಿಗೆ ಹೊಟ್ಟೆ ನೋವು. ಅವರ ಮುಖ ಬೆಳಗಿದ್ದನ್ನು ಈಗಲೂ ಮರೆತಿಲ್ಲ. ಬಸುರೇ ಇರಬೇಕೆಂದುಕೊಂಡು, ಏನೂ ಕೇಳದೆ, ಸಿಹಿಗೆ ಶಾವಿಗೆ ಒತ್ತಬೇಕೆಂದು ಅಕ್ಕಿ ನೆನೆಹಾಕಲು ಹೋದರು. ಆ ಅಕ್ಕಿ ನೆನೆಯುವುದರೊಳಗೆ ಹೇಳಲೇಬೇಕಾಯಿತು. ಅಡುಗೆಮನೆ ಬಾಗಿಲಿಗೆ ಒರಗಿ ನಿಂತು, ಡಾಕ್ಟರಿಗೆ ಹೇಳಿದ ಕ್ರಮದಲ್ಲೇ ಎಲ್ಲ ಹೇಳಿದೆ.

ನಾನು ಹೆದರಿದ್ದ ಮೌನ ಬಂತು. ಕುಕ್ಕರಿನ ಎರಡು ಸೀಟಿಯಷ್ಟು ಹೊತ್ತು ಇತ್ತು. ಬಳಿಕ ಅವರು ಕೇಳಿದ್ದು ಒಂದೇ:

"ಯಾವುದು ಬೇಕು ಅಂತ ಡಾಕ್ಟ್ರು ನಿನ್ನ ಕೇಳಿದ್ರಾ?"

"ಕೇಳಿದ್ರು ಅತ್ತೆ."

"ಕಾರ್ತಿ ಹುಟ್ಟಿದ ಮೂರನೇ ದಿವಸ ನನಗೆ ಆಪರೇಷನ್ ಆಯ್ತು. ಮಾತಾಡ್ಕೊಂಡಿದ್ದು ನಿಮ್ಮ ಮಾವ ಮತ್ತೆ ಡಾಕ್ಟ್ರು. ನನಗೆ ಇಡ್ಲಿ ಬೇಕಾ ಗಂಜಿ ಬೇಕಾ ಅಂತ ಕೇಳಿದ್ರು, ಅದೊಂದೇ." ಕೈ ಒರೆಸಿಕೊಂಡು ಕೂತರು. "ಆ ಪೇಪರು ತಗೊಂಡ್ ಬಾ. ಓದು."

ಓದಿದೆ. ಕಥೆ ಕೇಳುವವರ ಹಾಗೆ ಕೇಳಿದರು. ದಿನ ಎಣಿಸುವ ಪದ್ಧತಿಯ ಸಾಲು ಬಂದಾಗ ತಡೆದು, "ಅದಕ್ಕೆ ಸೊನ್ನೆ ಹಾಕು. ಹಾಗೆ ಎಣಿಸಿಯೇ ನಿನ್ನ ಗಂಡ ಹುಟ್ಟಿದ್ದು" ಎಂದರು. ಪಕ್ಕದ ಕೋಣೆಯಲ್ಲಿದ್ದ ನನ್ನ ಗಂಡನಿಗೆ ಇದ್ದಕ್ಕಿದ್ದಂತೆ ಅಂಗಡಿಯಲ್ಲಿ ಏನೋ ಕೆಲಸ ನೆನಪಾಯಿತು. ಕೊನೆಯ ಕಾಲಂ ಮಾತ್ರ ನಾನು ಓದಲಿಲ್ಲ. ಅವತ್ತು ಶಾವಿಗೆಯನ್ನಂತೂ ಒತ್ತಿದರು. ನೆನೆದ ಅಕ್ಕಿ ಏನು ಮಾಡೋದು ಎಂದರು.

ಮುಂದಿನ ತಿಂಗಳು ಗುಡಿಯಲ್ಲಿ ಬಸ್ಸಿನ ಆ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು, "ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ ಅಮ್ಮಣಿ. ನಿಮ್ಮ ಅತ್ತೆಯೇ ಎಲ್ಲರಿಗೂ ಹೇಳ್ಕೊಂಡು ಬರ್ತಿದಾರೆ, ನಮ್ಮ ಸೊಸೆ ಅಳೆದು ನೋಡಿ ತಾನೇ ಆರಿಸಿದ್ಳು ಅಂತ" ಎಂದರು. ಈಗ ಭಾನುವಾರ ಮಧ್ಯಾಹ್ನವಾದರೆ ಬೀದಿಯ ಸೊಸೆಯರು ಉಪ್ಪಿನಕಾಯಿ ಕೇಳುವ ನೆಪದಲ್ಲಿ ಬರುತ್ತಾರೆ. ಅತ್ತೆ ನನ್ನ ಕೈಲಿ ಹಾಳೆಯನ್ನು ತಮಿಳು ಅಕ್ಷರದಲ್ಲೂ ಬರೆಸಿ, ಯಾರಿಗೆ ಯಾವುದು ಆಗುತ್ತೋ ಡಾಕ್ಟರನ್ನೇ ಕೇಳಿ ಎಂದು ಕೆಳಗೆ ಸೇರಿಸಿದ್ದಾರೆ. ನನ್ನ ಜೀವನದ ಅತ್ಯಂತ ಖಾಸಗಿ ಕಾಗದ ನಮ್ಮ ಬೀದಿಯಲ್ಲಿ ಅತಿ ಹೆಚ್ಚು ಜನ ಓದಿದ ಕಾಗದವಾಗಿದೆ.

ಮೂಲಪ್ರತಿ ನನ್ನ ಬಳಿಯೇ ಇದೆ. ಕಾರ್ಖಾನೆಯಲ್ಲಿ ತಪ್ಪು ದಾಖಲೆಯನ್ನು ಅಳಿಸುವಂತಿಲ್ಲ; ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಮಾಡಬೇಕು. ಮೊನ್ನೆ ಹಾಳೆಯನ್ನು ಹೊರತೆಗೆದು, ಆ ಕೊನೆಯ ಕಾಲಂನ 'ಇಲ್ಲ' ಎಂಬುದರ ಮೇಲೆ ಗೆರೆ ಎಳೆದೆ. 'ಅತ್ತೆಯಿಂದ ಊರಿಗೇ ತಿಳಿಯುತ್ತದೆ' ಎಂದು ಬರೆದು ಸಹಿ ಹಾಕಿದೆ. ಅಡಿಗೆರೆಯನ್ನು ಹಾಗೆಯೇ ಬಿಟ್ಟಿದ್ದೇನೆ.